ಒಳಪೆಡಲಿನ ಆಮಿನಮ್ಮ

ಆಮಿನಮ್ಮನವರನ್ನು ಯಾರಾದರೂ ಪಾಪದ ಹೆಂಗಸು ಎಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗಲ್ಫಿನ ಮುಐದರಿನಲ್ಲಿ, ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದ ಆ ವಿಲ್ಲಾದಲ್ಲಿ ಪ್ಲೈವುಡ್ ಗೋಡೆಯ ಆಚೆ ಅವರ ಸಂಸಾರ, ಈಚೆ ನಮ್ಮದು. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ನಾವು ಸೀನುತ್ತಿದ್ದೆವು. ಅವರ ಮಗ ಸರ್ಫರಾಝ್ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಸ್ಟೋರ್ ಕೀಪರ್. ಸೊಸೆ ಮುಫೀದಾ, ಮೊಮ್ಮಗಳು ಫರ್ಝಾನಾ. ಗಂಡ ತೀರಿಕೊಂಡ ಮೇಲೆ ಆಮಿನಮ್ಮ ಮಗನ ಬಳಿಗೆ ಬಂದಿದ್ದರು. ತೊಂಬತ್ತೇಳನೆಯ ಇಸವಿ ಇರಬೇಕು.

ನಾನು ಹೇಜಲ್, ಉಡುಪಿ ಕಡೆಯವಳು, ಆಫೀಸೊಂದರಲ್ಲಿ ಟೈಪಿಸ್ಟ್. ಅವರು ನೇತ್ರಾವತಿ ಬದಿಯ ಊರಿನವರು. ಇಬ್ಬರೂ ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಹುಟ್ಟಿದವರು. ಬಿಸಿಲು ಇಳಿದ ಮೇಲೆ ಕಾಂಪೌಂಡಿನ ಮೆಟ್ಟಿಲ ಮೇಲೆ ಕೂತರೆ ನಮ್ಮ ಮಾತಿಗೆ ಬರವಿರಲಿಲ್ಲ. ಸ್ಲೇಟು ಒರೆಸುತ್ತಿದ್ದ ನೀರುಕಡ್ಡಿ, ಶಾಲೆಯಲ್ಲಿ ಬಿಸಿನೀರಿಗೆ ಕಲಸಿ ಕೊಡುತ್ತಿದ್ದ ಹಾಲಿನ ಪುಡಿ, ಚಹಾದಂಗಡಿಯ ರೇಡಿಯೋದ ಮುಂದೆ ಸೇರುತ್ತಿದ್ದ ಜನ. ‘ಆ ಕಾಲ ಎಷ್ಟು ಚಂದ ಇತ್ತು’ ಎಂದು ನಾನು ನಿಟ್ಟುಸಿರು ಬಿಟ್ಟರೆ ಸಾಕು, ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ‘ಬಾಯಿ’ ಎನ್ನುತ್ತಿದ್ದ ಅವರು ರೇಗುತ್ತಿದ್ದರು.

“ಎಂತ ಚಂದ ಬಾಯೀ? ಚಂದ ಇದ್ದದ್ದೆಲ್ಲ ಗಂಡುಮಕ್ಕಳಿಗೆ. ನನಗೆ ಚಂದ ಅಂತ ಇದ್ದದ್ದು ಒಂದೇ, ದುಗ್ಗುವಿನ ಸೈಕಲ್.”

ದುಗ್ಗುವಿನದು ಬಾಡಿಗೆ ಸೈಕಲಿನ ಅಂಗಡಿ. ಹೆಣ್ಣುಮಕ್ಕಳಿಗೆ ಅವನು ಸೈಕಲ್ ಮುಟ್ಟಲೂ ಬಿಡುತ್ತಿರಲಿಲ್ಲ. ಅಣ್ಣ ಮೊಹಮ್ಮದ್ ಬಾಡಿಗೆಗೆ ತಂದು, ಹೆಂಚಿನ ಕಾರ್ಖಾನೆಯ ಹಿಂದಿನ ಬಯಲಲ್ಲಿ ತಂಗಿಯ ಕೈಗೆ ಕೊಡುತ್ತಿದ್ದ. ಸೈಕಲಿನ ಸೀಟು ಇವರ ಎದೆಗಿಂತ ಎತ್ತರ. ಹಾಗಾಗಿ ಒಳಪೆಡಲು. ಬಾರಿನ ಕೆಳಗಿಂದ ಬಲಗಾಲು ತೂರಿಸಿ, ಬಲ ಕಂಕುಳಲ್ಲಿ ಸೀಟು ಅವುಚಿಕೊಂಡು, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಸೊಂಟ ಹೊರಗೆ ಹಾಕಿ ತುಳಿಯುವುದು. ನಮ್ಮ ಕಾಲದ ಮಕ್ಕಳೆಲ್ಲ ಸೈಕಲ್ ಕಲಿತದ್ದು ಹಾಗೆಯೇ. ಕೆಂಪು ಧೂಳಿನಲ್ಲಿ ಬಿದ್ದು ಎದ್ದು ಆಮಿನಮ್ಮ ಅಣ್ಣನಿಗಿಂತ ಜೋರಾಗಿ ಬಿಡಲು ಕಲಿತರು. ಒಂದು ದಿನ ಯಾರೋ ನೋಡಿ ಮನೆಗೆ ಸುದ್ದಿ ಮುಟ್ಟಿಸಿದರು. ಅಲ್ಲಿಗೆ ಸೈಕಲ್ ನಿಂತಿತು.

“ಹೊಡೆದ್ರಾ?” ಎಂದು ನಾನು ಕೇಳಿದೆ.

“ಹೊಡೆದಿದ್ರೆ ಮರೆತು ಹೋಗ್ತಿತ್ತು. ಎಲ್ಲರೂ ನಗಾಡಿದ್ರು ಬಾಯೀ. ‘ನಮ್ಮ ಆಮಿನ ಸೈಕಲ್ ಬಿಡ್ತಾಳಂತೆ’ ಅಂತ ಮದುವೆವರೆಗೂ ನಗಾಡಿದ್ರು. ಅವರೊಟ್ಟಿಗೆ ನಾನೂ ನಗಾಡಿದೆ. ಆ ನಗು ಉಂಟಲ್ಲ, ಅದು ಇನ್ನೂ ಇಲ್ಲೇ ಉಂಟು,” ಎಂದು ಗಂಟಲು ತೋರಿಸಿದರು.

ಫರ್ಝಾನಾಳ ಸೈಕಲ್ ಗುಲಾಬಿ ಬಣ್ಣದ್ದು, ನಡುವೆ ಬಾರ್ ಇಲ್ಲದ್ದು. ಗಂಡಸರು ಕೆಲಸಕ್ಕೆ ಹೋದ ಒಂದು ಬೆಳಿಗ್ಗೆ, ನನಗೆ ರಜೆಯಿದ್ದ ದಿನ, ಆಮಿನಮ್ಮ ಅದನ್ನು ಹತ್ತಲು ನೋಡಿದರು. ಬಲಗಾಲು ತೂರಿಸಿದರು, ಮೇಲೆ ಬಾರ್ ಇಲ್ಲ, ಸೀಟು ಕಂಕುಳಿಗೆ ಎಟುಕದಷ್ಟು ಕೆಳಗೆ, ಧೊಪ್ಪನೆ ಬಿದ್ದರು. ಎಲ್ಲರ ಹಾಗೆ ಸೀಟಿನ ಮೇಲೆ ಕೂತು ತುಳಿಯಬಹುದು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

“ಇದಕ್ಕೆ ಎಲುಬೇ ಇಲ್ಲ. ಕೂತು ತುಳಿಯುವುದು ನನಗೆ ಯಾರೂ ಕಲಿಸ್ಲಿಲ್ಲ,” ಎಂದು ಬುರ್ಖಾದ ಮರಳು ಕೊಡವಿಕೊಂಡು ಒಳಗೆ ಹೋದರು.

ಆ ವರ್ಷ ರಂಝಾನ್ ಕಳೆದ ಮೇಲೆ ಸರ್ಫರಾಝ್ ಒಂದು ತೀರ್ಮಾನ ಮಾಡಿದ. ಹುಡುಗಿ ಎತ್ತರ ಆಗಿದ್ದಾಳೆ, ಪಕ್ಕದ ವಿಲ್ಲಾದಲ್ಲಿ ಬ್ಯಾಚುಲರ್‌ಗಳಿದ್ದಾರೆ, ಇನ್ನು ಸೈಕಲ್ ಖಲಾಸ್. ಅಲ್ ಗರಾಫಾದಲ್ಲಿದ್ದ ಅವನ ಗೆಳೆಯ ಫಾಯಿಝ್‌ನ ಮಗನಿಗೆ ಕೊಡುವುದೆಂದಾಯಿತು. ಅವನು ಕೆಟ್ಟ ಮನುಷ್ಯನಲ್ಲ. ಮಗಳು ಬೇಸರ ಮಾಡಿಕೊಳ್ಳಬಾರದೆಂದು ತಮಾಷೆ ಮಾಡಿದ: “ದೊಡ್ಡವಳಾದೆ ಮಾರಾಯ್ತಿ, ಇನ್ನು ವಿಮಾನ ಬಿಡು!”

ಎಲ್ಲರೂ ನಕ್ಕರು. ಫರ್ಝಾನಾಳೂ ನಕ್ಕಳು. ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಆಮಿನಮ್ಮ ಮಾತ್ರ ಮೊಮ್ಮಗಳ ಮುಖವನ್ನೇ ನೋಡುತ್ತಿದ್ದರು. ಆ ಹುಡುಗಿಯ ನಗು ಅವರಿಗೆ ಗುರುತು ಸಿಕ್ಕಿತ್ತು. ಅಂದು ರಾತ್ರಿ ಗೋಡೆಯಾಚೆ ತಾಯಿ ಮಗನಿಗೆ ಬುದ್ಧಿ ಹೇಳುವುದು, ಮಗ ‘ಉಮ್ಮಾ, ನಿಮಗೆ ಇಲ್ಲಿಯದು ಗೊತ್ತಾಗುದಿಲ್ಲ’ ಎನ್ನುವುದು ನನಗೆ ಕೇಳಿಸಿತು.

ಶುಕ್ರವಾರ ಜುಮಾ ನಮಾಝ್, ಊಟ ಎಲ್ಲ ಮುಗಿದ ಮೇಲೆ ಫಾಯಿಝ್ ಪಿಕಪ್ ತಂದ. ಸರ್ಫರಾಝ್ ಗುಲಾಬಿ ಸೈಕಲನ್ನು ಎತ್ತಿ ಹಿಂದೆ ಇಟ್ಟ. ಫರ್ಝಾನಾ ಬಾಗಿಲಲ್ಲಿ ನಿಂತು ಇನ್ನೂ ನಗುವ ಪ್ರಯತ್ನದಲ್ಲಿದ್ದಳು. ಅದೇ ಹೊತ್ತಿಗೆ ಗ್ರಾಸರಿಯ ಮುನಿಯಪ್ಪ ನಮ್ಮ ಮನೆಗೆ ಖುಬ್ಬೂಸ್ ರೊಟ್ಟಿ ತಂದಿದ್ದ. ಕೋಲಾರದ ಕಡೆಯ ಮನುಷ್ಯ. ಅವನ ಕಪ್ಪು ಸೈಕಲ್ ಗೋಡೆಗೆ ಒರಗಿತ್ತು. ದೊಡ್ಡದು, ಬಾರ್ ಇದ್ದದ್ದು.

ಆಮಿನಮ್ಮ ಎದ್ದರು. ಬುರ್ಖಾವನ್ನು ಸೊಂಟಕ್ಕೆ ಎತ್ತಿ ಕಟ್ಟಿ, ಕೆಳಗಿನ ಪೈಜಾಮ ಒಮ್ಮೆ ನೋಡಿಕೊಂಡು, ಆ ಸೈಕಲಿನ ಬಾರಿನಡಿ ಬಲಗಾಲು ತೂರಿಸಿದರು.

“ಅಮ್ಮಾ, ಬ್ರೇಕ್ ಸರಿ ಇಲ್ಲಮ್ಮಾ!” ಎಂದು ಮುನಿಯಪ್ಪ ಕೂಗಿದ.

“ಬ್ರೇಕ್ ನನಗೆ ಬೇಡ,” ಎಂದರು.

ಮೊದಲು ಸೈಕಲ್ ಓಲಾಡಿತು. ಆಮೇಲೆ ಆ ದೇಹಕ್ಕೆ ಎಲ್ಲ ನೆನಪಾಯಿತು. ಸೊಂಟ ಹೊರಗೆ, ಮೈ ಬಗ್ಗಿಸಿ ಸೀಟು ಕಂಕುಳಲ್ಲಿ, ಆಮಿನಮ್ಮ ನೀರಿನ ಟ್ಯಾಂಕಿಗೆ ಸುತ್ತು ಹಾಕಿ ಪಿಕಪ್ಪಿನ ಮುಂದಿನಿಂದ ಹಾದು ಬಂದರು. ಮುಫೀದಾ ಬಾಯಿಗೆ ಕೈ ಅಡ್ಡ ಹಿಡಿದಳು. ಪಕ್ಕದ ವಿಲ್ಲಾದ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಹಾಗೆಯೇ ನಿಂತರು.

“ಉಮ್ಮಾ, ಇಳೀರಿ! ಜನ ನೋಡ್ತಾ ಇದ್ದಾರೆ!”

“ನೋಡ್ಲಿ! ಇಷ್ಟು ವರ್ಷ ಯಾರು ನೋಡಿದ್ದಾರೆ ನನ್ನನ್ನು?”

ಫಾಯಿಝ್ ಗಾಡಿ ಸ್ಟಾರ್ಟ್ ಮಾಡಿದ. “ಸರ್ಫರಾಝ್, ಯಲ್ಲಾ, ನಾನು ಹೋಗ್ತೇನೆ ಮಾರಾಯ,” ಎಂದ. ಹೋಗುವುದು ಹೇಗೆ? ಆಮಿನಮ್ಮ ಗೇಟಿನ ಎದುರು ಬಂದು ಬಂದು ತಿರುಗುತ್ತಿದ್ದರು. ಅವನು ಮುಂದೆ ಬಂದರೆ ಅವರು ಚಕ್ರಕ್ಕೇ ಸಿಗುತ್ತಿದ್ದರು. ಅವನು ಇಂಜಿನ್ ಆರಿಸಿದ.

ಸರ್ಫರಾಝ್ ಓಡಿಹೋಗಿ ಸೈಕಲಿನ ಕ್ಯಾರಿಯರ್ ಹಿಡಿದ. ಸೈಕಲ್ ಕಲಿಯುವವರೆಲ್ಲ ಹಿಂದಿನಿಂದ ಹಿಡಿದವರಿಗೆ ಬಿಡಬೇಡ, ಬಿಡಬೇಡ ಎಂದು ಅರಚುವುದನ್ನು ನಾನು ಕೇಳಿದ್ದೇನೆ. ಆಮಿನಮ್ಮ ಅರಚಿದ್ದು ಬೇರೆ.

“ಬಿಡು!”

“ಬೀಳ್ತೀರಿ ಉಮ್ಮಾ!”

“ಬಿದ್ರೆ ನಾನು ಬೀಳ್ತೇನೆ. ನಿನ್ನ ಕೈ ತೆಗಿ!”

ಅವನು ಸೈಕಲಿನ ಜೊತೆ ಓಡುತ್ತಲೇ ಇದ್ದ. ಇಸ್ತ್ರಿ ಹಾಕಿದ ಶುಕ್ರವಾರದ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಬಾಗಿಲಲ್ಲಿದ್ದ ಮಗಳನ್ನು ದಾಟುವಾಗ ಅವಳ ಕಡೆ ನೋಡಿದ. ಅವಳು ನಗುತ್ತಿರಲಿಲ್ಲ, ಅಳುತ್ತಿದ್ದಳು. ಅವನ ಕೈ ಸಡಿಲವಾಯಿತು.

ಆಮಿನಮ್ಮ ಇನ್ನೊಂದು ಸುತ್ತು ಬಂದರು. ಇಳಿಯುವುದು ಮಾತ್ರ ಅವರಿಗೆ ಮರೆತೇ ಹೋಗಿತ್ತಂತೆ. ಮೂಲೆಯಲ್ಲಿದ್ದ ಮರಳಿನ ರಾಶಿಗೆ ನೇರ ನುಗ್ಗಿ ಬಿದ್ದರು. ನಾವೆಲ್ಲ ಓಡಿದೆವು. ಮೊಣಕೈ ತರಚಿ ರಕ್ತ ಬಂದಿತ್ತು. ಕೈ ಕೊಟ್ಟ ಮಗನನ್ನು ಸರಿಸಿ ತಾವೇ ಎದ್ದು, ಪಿಕಪ್ಪಿನ ಕಡೆ ಬೆರಳು ತೋರಿಸಿದರು.

“ಈಗ ಅದನ್ನು ಇಳಿಸು.”

ಸರ್ಫರಾಝ್ ಫಾಯಿಝ್‌ನ ಮುಖ ನೋಡಿದ. ಫಾಯಿಝ್ ತಾನೇ ಹತ್ತಿ ಸೈಕಲನ್ನು ಕೆಳಗೆ ಕೊಟ್ಟ, ಗೇಟು ತೆರೆದು ಗಾಡಿ ಹೊರಗೆ ತೆಗೆದ. ಗಾಡಿ ಹೋದ ಮೇಲೆ ಸರ್ಫರಾಝ್ ಸೈಕಲಿನ ಸೀಟಿನ ಧೂಳು ಒರೆಸಿ ಮಗಳಿಗೆ ಹಿಡಿದ. ಅವಳು ಹತ್ತಿ ಕಾಂಪೌಂಡಿನೊಳಗೆ ಒಂದು ಸುತ್ತು ಹೊಡೆದಳು. ಅವನು ಅಭ್ಯಾಸದಂತೆ ಗೇಟು ಮುಚ್ಚಲು ನಡೆದ.

ರಕ್ತ ಸೋರುವ ಕೈಯನ್ನು ತೆರೆದ ಗೇಟಿನ ಮೇಲಿಟ್ಟು ಆಮಿನಮ್ಮ ಅಲ್ಲಿ ನಿಂತಿದ್ದರು. ಫರ್ಝಾನಾ ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಬೆಲ್ ಬಾರಿಸಿಕೊಂಡು ರಸ್ತೆಗೆ ಹೋದಳು.