ಏಳದ ಬಲೂನು

ನಾನು ಚಿಕ್ಕವನಿದ್ದಾಗ, ಮಕ್ಕಳೇ, ವಿಜ್ಞಾನವೆಂದರೆ ಕೈಕಟ್ಟಿ ನೋಡುವ ಪಾಠ. ಪ್ರಯೋಗ ಮಾಡುವವರು ಸರ್; ಗಾಜಿನ ಸಾಮಾನು ಮುಟ್ಟಿದರೆ ಬೆರಳಿಗೆ ಏಟು. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಶಾಲೆಯಲ್ಲಿ ಏಳನೆಯ ತರಗತಿಯ ನಮಗೆ ಮೊದಲ ಸಲ ನಾವೇ ಒಂದು ಪ್ರಯೋಗ ಮಾಡಲು ಅಪ್ಪಣೆ ಸಿಕ್ಕಿತು. ಜೊತೆಗೇ ಹೆಡ್‌ಮಾಸ್ಟರರು ಹೇಳಿಬಿಟ್ಟರು: "ಕೆಟ್ಟುಹೋದರೆ ಮತ್ತೆ ಯಾರೂ ಪ್ರಯೋಗದ ಸಾಮಾನಿನ ಕಪಾಟಿನ ಹತ್ತಿರ ಬರುವಂತಿಲ್ಲ."

ಸ್ಟೇಷನ್ ಎದುರು ಅಪ್ಪನದು ಉಡುಪಿ ಹೋಟೆಲು. ಇಡ್ಲಿ ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳ ಎತ್ತುವುದನ್ನು ದಿನಾ ಬೆಳಿಗ್ಗೆ ನೋಡುತ್ತಿದ್ದವನು ನಾನು. ಹಿಟ್ಟಿನಲ್ಲಿ ಗಾಳಿ ಹುಟ್ಟುತ್ತದೆಂದು ತೋರಿಸೋಣ, ಬಾಟ್ಲಿಗೆ ಹಿಟ್ಟು ಹಾಕಿ ಬಾಯಿಗೆ ಬಲೂನು ಸಿಕ್ಕಿಸೋಣ ಎಂದು ಜಂಬದಿಂದ ಹೇಳಿದವನೂ ನಾನೇ. ಸಂಜೆ ಹೋಟೆಲಿನಿಂದ ಹಿಟ್ಟು ತಂದು ಎರಡು ಬಾಟ್ಲಿ ತುಂಬಿ ಶಾಲೆಯ ಕಪಾಟಿನಲ್ಲಿಟ್ಟೆವು. ಹಿಟ್ಟು ಉಬ್ಬದೆ ಎಲ್ಲಿ ಹೋಗುತ್ತದೆ!

ಮರುದಿನ ಒಳ್ಳೆಯ ಚಳಿ. ಬೇಗನೆ ಹೋಗಿ ಕಪಾಟು ತೆರೆದರೆ ಎರಡೂ ಬಲೂನು ಜೋತುಬಿದ್ದಿದ್ದವು. ಹಿಟ್ಟಿನಲ್ಲಿ ಒಂದು ಗುಳ್ಳೆಯೂ ಇಲ್ಲ.

"ಅರೇ ಯಾರ್, ನಿನ್ ಹಿಟ್ಟು ಇನ್ನೂ ಮಲ್ಗಿದೆ!" ಎಂದ ಜೊತೆಗೆ ಬಂದಿದ್ದ ಗೆಳೆಯ.

ಹೋಟೆಲಿಗೆ ಓಡಿದೆ. ಅಲ್ಲಿ ಅದೇ ಹಿಟ್ಟು ಮುಚ್ಚಳ ತಳ್ಳಿ ಹೊರಗೆ ಹರಿಯುತ್ತಿತ್ತು. ಪಾತ್ರೆ ಮುಟ್ಟಿದೆ: ಬೆಚ್ಚಗಿತ್ತು. ರಾತ್ರಿಯಿಡೀ ಒಲೆಯ ಪಕ್ಕದಲ್ಲಿತ್ತಲ್ಲ! ಕಪಾಟಿನ ಬಾಟ್ಲಿಯೋ ಕೈ ಕೊರೆಯುವಷ್ಟು ತಣ್ಣಗಿತ್ತು.

"ಎಂಥದು, ಶಾಲೆ ಇಲ್ವಾ?" ಎಂದರು ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಅಪ್ಪ.

"ಅಪ್ಪ, ಬಿಸಿನೀರು ಬೇಕು, ಬೇಗ!"

ಅಪ್ಪ ಮತ್ತೇನೂ ಕೇಳದೆ ಕೆಟಲ್ ತುಂಬಿಸಿಕೊಟ್ಟರು. ನಮ್ಮ ಶಾಲೆಯಲ್ಲೇ ಓದುತ್ತಿದ್ದ ಅಕ್ಕ ಅದಕ್ಕೆ ಟವೆಲ್ ಸುತ್ತಿ ನನ್ನ ಜೊತೆ ಓಡಿಬಂದಳು.

ಶಾಲೆಯ ಬಕೆಟ್ಟಿಗೆ ಬಿಸಿನೀರು ಸುರಿಯಹೊರಟಾಗ ಅಕ್ಕ ಕೈ ಹಿಡಿದಳು. "ತಣ್ಣೀರು ಬೆರೆಸು ಮಾರಾಯ, ಹಿಟ್ಟು ಬೆಂದೇ ಹೋದೀತು!" ಉಗುರುಬೆಚ್ಚಗಾದ ಮೇಲೆ ಒಂದು ಬಾಟ್ಲಿ ಇಳಿಸಿದೆವು. ಇನ್ನೊಂದು ಕಪಾಟಿನಲ್ಲೇ ಇರಲಿ, ನೋಡೋಣ ಎಂದೆ ನಾನು. ನೀರು ಆರಿತು; ಅಕ್ಕ ಮತ್ತೆ ತಂದಳು. ಮಧ್ಯಾಹ್ನದ ಹೊತ್ತಿಗೆ ವರಾಂಡದಲ್ಲಿ ಹೆಡ್‌ಮಾಸ್ಟರರ ಬೂಟಿನ ಸದ್ದು ಕೇಳಿದಾಗ, ಬಲೂನು ಮೆಲ್ಲಗೆ ಕತ್ತೆತ್ತಿತ್ತು. ನಿಂಬೆಹಣ್ಣಿನಷ್ಟು, ಅದೂ ಸೊಟ್ಟಗೆ.

ಅವರು ಅದನ್ನು ನೋಡಿದರು. ಆಮೇಲೆ ಕಪಾಟಿನತ್ತ ತಿರುಗಿ, "ಇನ್ನೊಂದು ಯಾಕೆ ಎದ್ದಿಲ್ಲ?" ಎಂದರು.

ನಾನು ಮುಂದೆ ಬಂದೆ. "ಸರ್, ಹಿಟ್ಟು ಒಂದೇ. ಬೆಚ್ಚಗಿಟ್ಟದ್ದು ಎದ್ದಿತು, ತಣ್ಣಗಿದ್ದದ್ದು ಏಳಲಿಲ್ಲ. ತೋರಿಸ್ಲಿಕ್ಕೇ ಹಾಗೆ ಬಿಟ್ಟದ್ದು."

ಒಂದೊಂದು ಕೈಯಲ್ಲಿ ಒಂದೊಂದು ಬಾಟ್ಲಿ ಹಿಡಿದು ಅವರು ಬೆಚ್ಚಗಿನದನ್ನೂ ತಣ್ಣಗಿನದನ್ನೂ ಹೋಲಿಸಿ ನೋಡಿದರು. ಹೋಗುವಾಗ ಕಪಾಟಿನ ಬೀಗದಕೈ ನಮ್ಮ ಮೇಜಿನ ಮೇಲಿಟ್ಟು ಹೋದರು.

ನಿಮ್ಮ ಖಾರಘರದ ಶಾಲೆಯಲ್ಲಿ ಕಪಾಟಿಗೆ ಬೀಗವೇ ಇಲ್ಲ. ಮೋಟಾರು, ಸೆನ್ಸರು, ವೈರು, ಬೇಕಾದ್ದು ತೆಗೆದು ಬೇಕಾದ್ದು ಮಾಡುತ್ತೀರಿ. ಆದರೆ ಇವತ್ತು ನಿಮ್ಮ ಪುಟ್ಟ ಗಾಡಿ ತಿರುಗದೆ ಗೋಡೆಗೆ ಢಿಕ್ಕಿ ಹೊಡೆದಾಗ, "ಅಜ್ಜಾ, ಕಲ್ ನಹೀ ಚಲಾ ತೋ?" ಎಂದಿರಿ. ನಾಳೆ ಓಡದಿದ್ದರೆ? ಆ ಮುಖ ನನಗೆ ಚೆನ್ನಾಗಿ ಗೊತ್ತು. ನಿಮ್ಮ ಗಾಡಿಯ ಒಳಗೆ ಏನಿದೆಯೋ ನನಗೆ ತಿಳಿಯದು. ಆದರೂ ನಾಳೆ ನಿಮ್ಮ ಶಾಲೆಯ ಪ್ರದರ್ಶನಕ್ಕೆ ಬರುತ್ತೇನೆ. ಅದು ತಿರುಗುವವರೆಗೆ ಹಿಂದಿನ ಸಾಲಿನಲ್ಲಿ ನಿಂತು ಉಗುರು ಕಚ್ಚುತ್ತಿರುತ್ತೇನೆ.