ಮುದ್ದೆ ಸಿಗದ ದೇಶ

ಮುನಿಶಾಮಪ್ಪನವರು ಹುಳುಮನೆಯ ಬಾಗಿಲಿಗೆ ಬಂದರೆ ಮೊದಲು ಕಣ್ಣು ಮುಚ್ಚುತ್ತಿದ್ದರು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಹೊಸ್ತಿಲಲ್ಲಿ ನಿಂತು ಒಂದು ಸಲ ಉಸಿರೆಳೆದುಕೊಂಡರೆ ಸಾಕು, ಒಳಗಿನ ರೇಷ್ಮೆಹುಳುಗಳ ಯೋಗಕ್ಷೇಮವೆಲ್ಲ ಅವರಿಗೆ ತಿಳಿದುಬಿಡುತ್ತಿತ್ತು. ‘ಒದ್ದೆ ಸೊಪ್ಪು ಹಾಕಿದ್ದೀಯಲ್ಲೋ, ಕಿಟಕಿ ತೆಗಿ’ ಅನ್ನುವರು. ಹುಳು ನೋಡದೆ ಇದೆಂಥ ಶಾಸ್ತ್ರ ಎಂದು ರೈತ ಮುಖ ಸಿಂಡರಿಸುತ್ತಿದ್ದ. ಆಮೇಲೆ ತಟ್ಟೆ ಎತ್ತಿ ನೋಡಿದರೆ ಅಡಿಯಲ್ಲಿ ಸೊಪ್ಪಿಗೆ ಬೂಷ್ಟು ಹಿಡಿದಿರುತ್ತಿತ್ತು.

ರೇಷ್ಮೆ ಇಲಾಖೆಗೆ ಸೇರಿದ ಹೊಸದರಲ್ಲಿ ನನ್ನನ್ನು ಅವರ ಜೊತೆ ಹಾಕಿದರು. ಹುಳು ಸಾಕುವುದನ್ನು ರೈತರಿಗೆ ತೋರಿಸಿಕೊಡುವ ಕೆಲಸ. ಶಿಡ್ಲಘಟ್ಟದ ಕಡೆ ಎಲ್ಲರೂ ಅವರನ್ನು ರೇಷ್ಮೆ ಮೇಷ್ಟ್ರು ಎನ್ನುತ್ತಿದ್ದರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಕೋಪ ಬಂದರೆ ಪೂರ್ತಿ ತೆಲುಗು. ನನ್ನ ಹೆಸರು ನಾಗವೇಣಿ, ಅವರ ಬಾಯಲ್ಲಿ ಮೊದಲ ದಿನದಿಂದಲೂ ‘ಏನಮ್ಮ ವೇಣಿ’.

ಸೇರಿದ ವರ್ಷವೇ ದಿಬ್ಬೂರಹಳ್ಳಿಯಲ್ಲಿ ನಾನೊಂದು ಎಡವಟ್ಟು ಮಾಡಿದೆ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತಾರೆ ನಮ್ಮ ಕಡೆ. ಎಲ್ಲವೂ ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಪಾಪಮ್ಮ ಎಂಬಾಕೆಯ ಮನೆಯಲ್ಲಿ ಅರ್ಧದಷ್ಟು ಎದ್ದಿದ್ದು ನೋಡಿ, ಪಾಪ ಹಸಿದಿವೆ ಎಂದು ನಾನು ಸೊಪ್ಪು ಹಾಕಿಸಿಬಿಟ್ಟೆ. ಎದ್ದವು ತಿಂದು ಮುಂದೆ ಹೋದವು, ಮಲಗಿದ್ದವು ಹಿಂದೆ ಬಿದ್ದವು. ಒಂದೇ ತಟ್ಟೆಯಲ್ಲಿ ದಪ್ಪದ್ದು, ಸಣ್ಣದ್ದು ಎರಡೂ ಹೊರಳಾಡುತ್ತಿದ್ದವು. ‘ನೀನು ಸರಿಯಾಗಿ ನೋಡ್ಕೊಂಡಿಲ್ಲ’ ಎಂದು ಪಾಪಮ್ಮನ ಮೇಲೆಯೇ ಹಾಕಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮುನಿಶಾಮಪ್ಪನವರು ಬಂದರು.

‘ತಪ್ಪು ನಮ್ದು ಕಣಮ್ಮ ಪಾಪಮ್ಮ’ ಎಂದರು. ‘ಈ ಹುಡುಗಿ ಹೇಳಿದ್ಲು, ನೀನು ಮಾಡ್ದೆ. ನಾನು ಜೊತೇಲಿ ಬರ್ಬೇಕಾಗಿತ್ತು, ಬರ್ಲಿಲ್ಲ.’

ಎರಡು ದಿನ ಆ ಮನೆಯಲ್ಲಿ ನಾವಿಬ್ಬರೂ ಕೂತು ದಪ್ಪ ಹುಳು ಒಂದು ಕಡೆ, ಸಣ್ಣ ಹುಳು ಒಂದು ಕಡೆ ಬೇರೆ ಮಾಡಿದೆವು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅವರ ಬಗ್ಗೆ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಕಥೆಯಿತ್ತು. ಟೀ ಹೊತ್ತಿಗೆ ಯಾರಾದರೂ ಕೆಣಕುತ್ತಿದ್ದರು: ‘ಮೇಷ್ಟ್ರೇ, ಫಾರಿನ್‌ಗೆ ಯಾಕೆ ಹೋಗ್ಲಿಲ್ಲ ನೀವು?’ ಒಂದು ಕಾಲದಲ್ಲಿ ಕೀನ್ಯಾ ದೇಶದವರು ರೇಷ್ಮೆ ಕಲಿಸಲು ಬನ್ನಿ ಎಂದು ಅವರಿಗೆ ಕಾಗದ ಬರೆದಿದ್ದರಂತೆ. ಇವರು ಲೋಟ ಕೆಳಗಿಟ್ಟು ಹೇಳುವರು: ‘ಅಲ್ಲಿ ಮುದ್ದೆ ಸಿಗಲ್ಲ ಅಂದ್ರು. ಮುದ್ದೆ ಇಲ್ದಿರೋ ದೇಶದಲ್ಲಿ ಮನುಷ್ಯ ಬದುಕ್ತಾನೇನಪ್ಪ? ಬೇಡ ಅಂತ ಬರೆದು ಹಾಕ್ದೆ.’ ಎಲ್ಲರೂ ನಗುತ್ತಿದ್ದರು. ಪ್ರತಿ ಸಲವೂ ಮೊದಲ ಸಲ ಕೇಳಿದವಳಂತೆ ನಾನೂ ನಗುತ್ತಿದ್ದೆ.

ಅವರು ನಿವೃತ್ತರಾಗಿ ಮೇಲೂರಿನ ಮನೆ ಸೇರಿದರು. ನಾನು ಚಿಕ್ಕಬಳ್ಳಾಪುರದಿಂದ ಅದೇ ಬಸ್ಸು ಹಿಡಿದು ಅದೇ ಹಳ್ಳಿಗಳಿಗೆ ಓಡಾಡಿಕೊಂಡಿದ್ದೆ. ನಲವತ್ತನಾಲ್ಕು ತುಂಬಿತು. ಸಾಕಾಗಿತ್ತು ಎಂದು ನೇರವಾಗಿಯೇ ಹೇಳುತ್ತೇನೆ. ಹುಳು ನೋಡುವುದು ಕಡಿಮೆಯಾಗಿ, ಹುಳುವಿನ ಫೋಟೊ ತೆಗೆದು ಮೊಬೈಲಿನಲ್ಲಿ ಕಳಿಸುವುದೇ ಹೆಚ್ಚಾಗಿತ್ತು. ಅಂಥ ಹೊತ್ತಿನಲ್ಲಿ ಕೀನ್ಯಾದ ಒಂದು ರೇಷ್ಮೆ ಕಂಪನಿಯಿಂದ, ಅಲ್ಲಿನ ರೈತರಿಗೆ ಹುಳು ಸಾಕುವುದನ್ನು ಕಲಿಸಲು ಬನ್ನಿ ಎಂದು ನನಗೆ ಮೇಲ್ ಬಂತು. ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಸಂಸಾರ ಸಮೇತ ಬಂದು ಅಲ್ಲೇ ನೆಲೆಸಬೇಕು. ತಿಂಗಳ ಕೊನೆಯ ಶುಕ್ರವಾರದೊಳಗೆ ಉತ್ತರ ಕೊಡಬೇಕು.

ಸರ್ಕಾರಿ ಕೆಲಸ ಬಿಡುವುದಾ, ತಲೆ ಕೆಟ್ಟಿದೆಯಾ ಎಂದರು ಜೊತೆಯವರು. ಖಾಸಗಿ ಶಾಲೆಯಲ್ಲಿ ಮೇಷ್ಟ್ರಾಗಿರುವ ನನ್ನ ಗಂಡ, ‘ನೀನು ಹೆಂಗಂದ್ರೆ ಹಂಗೆ’ ಎಂದರು. ಸಾರಿಗೆ ಉಪ್ಪು ಕಡಿಮೆಯಾದರೆ ಹೇಳಲು ಒಂದು ದಿನವೂ ಹಿಂದೆಮುಂದೆ ನೋಡದ ಮನುಷ್ಯ, ಇದೊಂದು ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡರು. ನಾನು ಮೇಲ್ ತೆರೆಯುವುದು, ಮುಚ್ಚುವುದು, ಇದನ್ನೇ ಮಾಡುತ್ತಾ ಮೂರು ವಾರ ಕಳೆದೆ.

ಆ ಶುಕ್ರವಾರಕ್ಕೆ ಮುಂಚಿನ ಭಾನುವಾರ ಮೇಲೂರಿಗೆ ಹೋದೆ. ಮುನಿಶಾಮಪ್ಪನವರು ತುಂಬ ಇಳಿದುಹೋಗಿದ್ದರು. ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡರು. ಅವರನ್ನು ನಗಿಸೋಣ ಎಂದು, ‘ಸರ್, ನಿಮಗ್ಯಾರೋ ಸುಳ್ಳು ಹೇಳಿದ್ದಾರೆ. ಅಲ್ಲಿ ದಿನಾ ಮುದ್ದೇನೇ ಅಂತೆ, ಮುಸುಕಿನ ಜೋಳದ ಹಿಟ್ಟಿಂದು’ ಎಂದೆ.

ಅವರು ನಗಲಿಲ್ಲ.

‘ಗೊತ್ತು ಕಣಮ್ಮ. ಆ ಕಾಗದದಲ್ಲೇ ಬರೆದಿದ್ರು, ನಿಮ್ಮ ಕಡೆ ಥರಾನೇ ಊಟ ಇರ್ತದೆ ಅಂತ’ ಎಂದರು. ‘ಬೇಡ ಅಂತ ನಾನು ಬರೀಲೇ ಇಲ್ಲ ವೇಣಿ. ಬರ್ತೀನಿ ಅಂತಾನೂ ಬರೀಲಿಲ್ಲ. ನಾಳೆ ಬರೆಯಣ ಅಂತ ಟ್ರಂಕಲ್ಲಿ ಇಟ್ಟೆ. ಇನ್ನೊಂದು ಕಾಗದ ಬಂತು, ಅದನ್ನೂ ಇಟ್ಟೆ. ಆಮೇಲೆ ಬರ್ಲಿಲ್ಲ.’

ಅವರ ಹೆಂಡತಿ ಲಕ್ಷ್ಮಮ್ಮನವರು ಕಾಫಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ‘ಎರಡನೇ ಕಾಗದ ಬೇರೆ ಬಂದಿತ್ತಾ?’

ಅವರು ಹೌದೆಂದು ತಲೆಯಾಡಿಸಿದರು.

‘ನಂಗೆ ಒಂದು ಮಾತು ಹೇಳಿದ್ರೆ ನಾನು ಹೊರಟೇಬಿಡ್ತಿದ್ದೆ’ ಎಂದರು ಆಕೆ. ದನಿಯಲ್ಲಿ ಕೋಪವೇನೂ ಇರಲಿಲ್ಲ. ಲೋಟಗಳನ್ನು ನಮ್ಮ ಮುಂದಿಟ್ಟು ಒಳಗೆ ಹೋದರು.

ಪಾಪಮ್ಮನ ಮನೆಯಲ್ಲಿ ಎಲ್ಲರೆದುರು ತಪ್ಪು ನಮ್ಮದು ಎಂದ ಮನುಷ್ಯ, ಒಂದು ಕಾಗದಕ್ಕೆ ಉತ್ತರ ಬರೆಯಲಾರದೆ ಇಷ್ಟು ವರ್ಷ ಮುದ್ದೆಯ ಕಥೆ ಹೇಳಿಕೊಂಡಿದ್ದರು. ನಾವೆಲ್ಲ ನಕ್ಕಿದ್ದೆವು.

‘ಇಲ್ಲೇನೂ ನಾನು ಕೆಟ್ಟು ಬದುಕಿಲ್ಲ’ ಎಂದರು. ‘ಆದ್ರೆ ಬೇಡ ಅಂತ ಬರೆದಿದ್ರೆ, ಬೇಡ ಅಂದೋನು ನಾನೇ ಅಂತಾದ್ರೂ ಇರ್ತಿತ್ತು. ಅದೂ ಇಲ್ಲ ನಂಗೆ.’

‘ನಾನೇನು ಮಾಡ್ಲಿ ಸರ್?’

‘ಅದು ನಂಗೆಂಗಮ್ಮ ಗೊತ್ತಾಗ್ತದೆ? ಹೋಗು, ಇಲ್ಲಾ ಇರು. ಶುಕ್ರವಾರ ದಾಟಕ್ಕೆ ಮಾತ್ರ ಬಿಡಬೇಡ.’

ಶುಕ್ರವಾರ ಮಧ್ಯಾಹ್ನ ಆಫೀಸಿನಲ್ಲಿ ಕೂತು, ಬರುತ್ತೇನೆ ಎಂದು ಬರೆದು ಕಳಿಸಿದೆ. ಸಂತೋಷದಿಂದ ಬರೆದೆ ಎಂದರೆ ಸುಳ್ಳಾಗುತ್ತದೆ. ಮುನಿಶಾಮಪ್ಪನವರಿಗೆ ಫೋನ್ ಮಾಡಿದೆ.

‘ಬರೆದ್ಯಾ?’ ಎಂದರು.

‘ಬರೆದೆ ಸರ್.’

‘ಒಳ್ಳೇದಾಯ್ತು’ ಎಂದು ಫೋನ್ ಇಟ್ಟುಬಿಟ್ಟರು. ಏನು ಬರೆದೆ ಎಂದು ಕೇಳಲೇ ಇಲ್ಲ. ಭಾನುವಾರ ಹೋಗಿ ಹೇಳೋಣ ಎಂದುಕೊಂಡೆ. ಆ ಭಾನುವಾರ ಇಲಾಖೆಯ ತರಬೇತಿ ಬಿತ್ತು, ಮುಂದಿನ ಭಾನುವಾರ ಪಾಸ್‌ಪೋರ್ಟಿನ ಕಾಗದಪತ್ರ. ಅದರ ಮುಂದಿನ ಬುಧವಾರ ಅವರು ಹೋಗಿಬಿಟ್ಟರು ಎಂದು ಸುದ್ದಿ ಬಂತು. ನಿದ್ದೆಯಲ್ಲೇ ಅಂತೆ.

ಹನ್ನೊಂದನೇ ದಿನದ ಊಟ ಮುಗಿಸಿ ಹೊರಟಾಗ ಲಕ್ಷ್ಮಮ್ಮನವರು ನನ್ನನ್ನು ಪಕ್ಕಕ್ಕೆ ಕರೆದರು. ‘ಕೊನೆಗೆ ಏನಂತ ಬರೆದ್ಯಮ್ಮ?’ ಎಂದು ಕೇಳಿದರು.

‘ಬರ್ತೀನಿ ಅಂತ ಬರೆದೆ ಅಮ್ಮ. ಮುಂದಿನ ತಿಂಗಳು ಹೊರಡ್ತೀವಿ. ಸರ್‌ಗೆ ಹೇಳಕ್ಕೆ ಆಗ್ಲಿಲ್ಲ.’

ಆಕೆ ನನ್ನ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

‘ಅಲ್ಲಿಗೆ ಹೋದ್ಮೇಲೆ ನಂಗೊಂದು ಫೋನ್ ಮಾಡಮ್ಮ’ ಎಂದರು. ‘ಆ ಊರು ಹೆಂಗದೆ ಅಂತ ಹೇಳು.’