ವಾಸನೆ ಬಾರದ ಕಟ್ಟು

ಅನುಮಾನಂ ಪೆದ್ದ ರೋಗಂ ಎಂದು ನಮ್ಮವ್ವ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಅವಳಿಗೆ ತೆಲುಗು ಬರುತ್ತಿರಲಿಲ್ಲ, ಆದರೆ ರೋಗಿ ಮನೆಯಲ್ಲೇ ಇದ್ದುದರಿಂದ ಆ ಮಾತು ಮಾತ್ರ ಚೆನ್ನಾಗಿ ಬರುತ್ತಿತ್ತು. ಹಾಲಿಗೆ ನೀರು ಬೆರೆಸಿದ್ದಾರೋ ಎಂದು ಬೆರಳದ್ದಿ ನೋಡುವವನು ನಾನು. ಪಕ್ಕದ ಬೆಂಚಿನವನಿಗೆ ನನಗಿಂತ ನಾಲ್ಕು ಅಂಕ ಹೆಚ್ಚು ಬಂದರೆ ಅವನಿಗೂ ಮಾಸ್ತರಿಗೂ ಏನು ನಂಟು ಎಂದು ಹುಡುಕುವವನೂ ನಾನೇ. ಇದನ್ನು ನಾನು ಬುದ್ಧಿವಂತಿಕೆ ಎಂದು ತಿಳಿದಿದ್ದೆ. ಒಬ್ಬನ ಕೈ ಸೊಟ್ಟಗಾಗುವವರೆಗೂ ಹಾಗೆಯೇ ತಿಳಿದಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕೊಟ್ಟೂರಿನಲ್ಲಿ ಕಾಲೇಜು ಓದುತ್ತಿದ್ದೆ. ಆಗ ಕ್ರಿಕೆಟ್ಟು ಟೀವಿಯೊಳಗಿತ್ತು, ಮೈದಾನದಲ್ಲಿ ಇದ್ದದ್ದು ವಾಲಿಬಾಲು. ಹೂವಿನಹಡಗಲಿಯವರ ಕೈಲಿ ಸೋತರೆ ನಾವು ಬೇಸರಪಡುತ್ತಿದ್ದೆವು, ಕೂಡ್ಲಿಗಿಯವರ ಕೈಲಿ ಸೋತರೆ ಬಯ್ಯುತ್ತಿದ್ದೆವು. ಹರಪನಹಳ್ಳಿಯವರ ಕೈಲಿ ಸೋತರೆ ಮಾತ್ರ ಅನ್ನ ಸೇರುತ್ತಿರಲಿಲ್ಲ. ಎರಡು ವರ್ಷ ಸತತ ಸೋತಿದ್ದೆವು. ಆ ವರ್ಷ ಅವರ ಮೈದಾನದಲ್ಲೇ ಅವರನ್ನು ಹೊಡೆಯಬೇಕು ಎಂಬುದು ನಮ್ಮ ಹಟ.

ಹೊಡೆಯುವ ಧೈರ್ಯ ಬಂದದ್ದು ನಮ್ಮ ಲಿಫ್ಟರಿನಿಂದ. ನೆಟ್ಟಿನ ಬದಿಯಲ್ಲಿ ನಿಂತು ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು ಅವನು. ಆಟವೆಲ್ಲ ಅವನ ಹತ್ತು ಬೆರಳ ಮೇಲೆ ನಡೆಯುತ್ತದೆ. ನಮ್ಮವನ ಮನೆತನ ದೇವರಿಗೆ ಹೂ ಕಟ್ಟಿಕೊಡುವವರದು. ಅಪ್ಪ ಇಲ್ಲ, ಅಜ್ಜಿ ಮತ್ತು ಅವನು. ಮುಂಜಾನೆ ಎದ್ದು ಅಜ್ಜಿಯ ಜತೆ ಕೂತು ಹಡಗಲಿಯಿಂದ ಬಂದ ಮಲ್ಲಿಗೆ ಕಟ್ಟಿಯೇ ಅವನು ಕಾಲೇಜಿಗೆ ಬರುತ್ತಿದ್ದದ್ದು. ಮೊಗ್ಗು ನಲುಗದಂತೆ ಹಿಡಿದು ರೂಢಿಯಾದ ಬೆರಳು ಚೆಂಡನ್ನೂ ಹಾಗೆಯೇ ಹಿಡಿಯುತ್ತಿತ್ತು. ಅವನ ಕೈಯಿಂದ ಚೆಂಡು ಸದ್ದಿಲ್ಲದೆ ಮೇಲೇಳುತ್ತಿತ್ತು.

ಆಟಕ್ಕೆ ಎಂಟು ದಿನ ಇರುವಾಗ ಅವನು ಅಭ್ಯಾಸದಲ್ಲಿ ಬಿದ್ದ. ಬಲಗೈ ಅಡಿಗೆ ಸಿಕ್ಕಿತು. ಮರುದಿನ ಭಾನುವಾರ ಕಾಣಲಿಲ್ಲ. ಸೋಮವಾರ ಸಂಜೆ ಮಣಿಕಟ್ಟಿಗೆ ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತಿದ ಕಟ್ಟಿನೊಂದಿಗೆ ಬಂದ. ಇಪ್ಪತ್ತೊಂದು ದಿನ ಬಿಚ್ಚುವ ಹಾಗಿಲ್ಲ ಎಂದ.

ಕಾಲೇಜಿನ ಎದುರು ಒಂದು ಮಿರ್ಚಿ ಅಂಗಡಿ ಇತ್ತು. ಅಲ್ಲಿನ ಬೆಂಚೇ ನಮ್ಮ ಕೋರ್ಟು. ನ್ಯಾಯಾಧೀಶರು ಮೂವರು: ಅಂಗಡಿಯ ಯಜಮಾನ, ನಿವೃತ್ತರಾದ ಡ್ರಿಲ್ ಮಾಸ್ತರು, ಮತ್ತು ಒಂದು ದಿನವೂ ನೆಟ್ಟಿನ ಹತ್ತಿರ ನಿಲ್ಲದೆ ಆಟದ ಬಗ್ಗೆ ಎಲ್ಲ ತಿಳಿದಿದ್ದ ನಾನು. ಡ್ರಿಲ್ ಮಾಸ್ತರು ನಮ್ಮ ಲಿಫ್ಟರಿನ ಓಣಿಯವರೇ.

"ಅಜ್ಜೀನ್ನ ಕರಕೊಂಡು ಭಾನುವಾರ ಮುಂಜಾನಿ ಹರಪನಹಳ್ಳಿ ಬಸ್ ಹತ್ತ್ಯಾನ. ನಾ ಕಣ್ಣಾರೆ ನೋಡೀನಿ," ಎಂದರು ಅವರು.

ಮಂಡಕ್ಕಿಗೆ ಎಣ್ಣೆ ಕಲಸುತ್ತಿದ್ದ ಯಜಮಾನನ ಕೈ ನಿಂತಿತು. "ಹರಪನಹಳ್ಳಿಗ್ಯಾಕ್ರಿ ಮಾಸ್ತರ? ನಮ್ಮ ಕಡೆಯವರು ಎಲುಬು ಮುರಿದ್ರ ಗುಡೇಕೋಟಿ ಕಡೆ ಹೋಗ್ತಾರ."

"ಅಜ್ಜಿ ಜೊತಿಗೆ ಹೋಗ್ಯಾನ ಅಂದ್ರ ಕನ್ಯಾ ನೋಡಾಕ ಇರಬೇಕು," ಎಂದೆ ನಾನು. "ನಾಳೆ ಹರಪನಹಳ್ಳಿಯವರು ಬೀಗರಾದ್ರ ಇವ ಯಾರ ಕಡೆ ಆಡ್ತಾನ?"

ನಗೆಯಾಡುತ್ತಲೇ ಅಂದದ್ದು. ಆದರೆ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಅದು ನಿಜ ಅನ್ನಿಸತೊಡಗಿತು. ಬುಧವಾರದ ಹೊತ್ತಿಗೆ ಕನ್ಯೆಯ ಬಣ್ಣ, ಓದು, ಅವರಪ್ಪನ ಹೊಲ ಎಲ್ಲ ಆ ಬೆಂಚಿನ ಮೇಲೆ ನಿಶ್ಚಯವಾಗಿತ್ತು. ಹುಡುಗಿ ಮಾತ್ರ ಇರಲಿಲ್ಲ.

ನನಗೆ ಸಾಕ್ಷಿ ಬೇಕಾಗಿತ್ತು. ಸಾಕ್ಷಿ ನನ್ನ ಮೂಗಿನಲ್ಲೇ ಇತ್ತು. ಆರನೇ ಕ್ಲಾಸಿನಲ್ಲಿ ಹುಣಸೆ ಮರದಿಂದ ಬಿದ್ದು ನಾನೂ ಮುಂಗೈ ಮುರಿದುಕೊಂಡವನು. ಗುಡೇಕೋಟೆ ಕಡೆಯ ಹಳ್ಳಿಯೊಂದರ ಮುದುಕ ಉದ್ದಿನ ಹಿಟ್ಟನ್ನು ಕೋಳಿ ತತ್ತಿಯಲ್ಲಿ ಕಲಸಿ, ಮೆತ್ತಿ, ದಬ್ಬೆ ಇಟ್ಟು ಕಟ್ಟಿದ್ದ. ಆ ಕಟ್ಟು ಒಣಗಿ ಕಲ್ಲಾಗುತ್ತದೆ. ಮೂರನೇ ದಿನಕ್ಕೆ ನಾರತೊಡಗುತ್ತದೆ. ಇಪ್ಪತ್ತೊಂದು ದಿನ ನನ್ನ ಬೆಂಚಿನಲ್ಲಿ ಯಾರೂ ಕೂತಿರಲಿಲ್ಲ.

ಗುರುವಾರ ಕಾಲೇಜಿನ ನಲ್ಲಿಯ ಹತ್ತಿರ ಅವನು ಎಡಗೈಯಲ್ಲಿ ನೀರು ಕುಡಿಯುತ್ತಿದ್ದ. "ಭಾಳ ನೋಯ್ತೈತೇನ್ಲೇ?" ಎಂದು ಕೈ ಹಿಡಿದೆ. ಕಟ್ಟನ್ನು ನೋಡುವ ನೆಪದಲ್ಲಿ ತಲೆ ಬಗ್ಗಿಸಿ ಮೂಸಿದೆ. ಒಗೆದ ಬಟ್ಟೆಯ ವಾಸನೆ ಬಂತು, ಅದರ ಹಿಂದೆ ಸಣ್ಣಗೆ ಮಲ್ಲಿಗೆ. ತತ್ತಿಯ ಸುಳಿವೇ ಇಲ್ಲ. ಅವನು ಪಾಪ, ಗೆಳೆಯ ಮರುಗುತ್ತಿದ್ದಾನೆ ಎಂದುಕೊಂಡು, "ರಾತ್ರಿ ಸ್ವಲ್ಪ ಜಾಸ್ತಿ ಆಕ್ಕೈತಿ, ಹಗಲು ತಡಕೊಬಹುದು," ಎಂದ. ನನಗೆ ಒಳಗೊಳಗೇ ಖುಷಿ. ಕಳ್ಳ ಸಿಕ್ಕ ಎಂಬ ಖುಷಿ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ಸಂಜೆ ಅವನು ತಾನಾಗಿಯೇ ಬೆಂಚಿನ ಹತ್ತಿರ ಬಂದ. ಮರುದಿನ ಆಟ ನೋಡಲು ತಾನೂ ಬಸ್ಸಿಗೆ ಬರುತ್ತೇನೆ ಎಂದು ಹೇಳಲು ಬಂದಿದ್ದನಂತೆ. ಅಷ್ಟೊತ್ತಿಗೆ ಅಲ್ಲಿ ಇಪ್ಪತ್ತು ಜನ ಸೇರಿದ್ದರು.

"ಹರಪನಹಳ್ಳಿಗೆ ಯಾಕ ಹೋಗಿದ್ದೆಪಾ?" ಎಂದು ಮಾಸ್ತರು ಶುರು ಮಾಡಿದರು.

"ಅಲ್ಲಿ ಬಸ್ ಬದಲಿ ಮಾಡಿ ಬಾಗಳಿ ಕಡೆ ಹೋಗಿದ್ವಿ ಸರ್. ಅಲ್ಲೊಬ್ಬರು ಕಟ್ಟು ಕಟ್ತಾರ."

ಹೇಳುತ್ತ ಎಡಗೈಯಿಂದ ಕಟ್ಟನ್ನು ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು ನನಗೆ. ನೋಯುವ ಕೈಯನ್ನು ಯಾರಾದರೂ ಮುಟ್ಟಿಕೊಳ್ಳುತ್ತಾರೆ ಎಂಬುದು ಹೊಳೆಯಲಿಲ್ಲ.

"ಗುಡೇಕೋಟಿ ಬಿಟ್ಟು ಬಾಗಳಿಗೆ ಯಾಕ?" ಎಂದೆ. "ನಾ ಮೂಸಿ ನೋಡೀನಿ. ಅದರಾಗ ತತ್ತಿ ವಾಸನೀನ ಇಲ್ಲ."

ಅವನು ನನ್ನನ್ನೇ ನೋಡಿದ. ನಲ್ಲಿಯ ಹತ್ತಿರ ನಾನು ಯಾಕೆ ತಲೆ ಬಗ್ಗಿಸಿದ್ದೆ ಎಂಬುದು ಅವನಿಗೆ ಆಗ ತಿಳಿಯಿತು. ದನಿ ತಗ್ಗಿಸಿ, "ನಮ್ಮ ಮನ್ಯಾಗ ದೇವರ ಹೂವು ಕಟ್ತಾರ. ತತ್ತಿ ಹೊಸ್ತಿಲು ದಾಟಂಗಿಲ್ಲ. ಅಜ್ಜಿ ಒಪ್ಪಲಿಲ್ಲ. ಬಾಗಳಿ ಕಡ್ಯಾವ್ರು ತತ್ತಿ ಇಲ್ದ ಕಟ್ತಾರ," ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ನಾನು ಬಿಡಲಿಲ್ಲ. "ಓಹೋ! ಬಸ್ ಸ್ಟ್ಯಾಂಡಿನ ಬಂಡ್ಯಾಗ ನನ್ನ ಜೊತಿ ನಿಂತು ಎರಡೆರಡು ಆಮ್ಲೆಟ್ ತಿನ್ನಾಕ ನಡಿತೈತಿ, ಕಟ್ಟಾಕ ನಡಿಯಂಗಿಲ್ಲೇನು?"

ಇಪ್ಪತ್ತು ಜನ ಗೊಳ್ಳೆಂದು ನಕ್ಕರು. ಡ್ರಿಲ್ ಮಾಸ್ತರು ನಗಲಿಲ್ಲ. ಅವರ ಮನೆ ಅಜ್ಜಿಯ ಮನೆಯಿಂದ ಮೂರನೆಯದು. ಬೆಳಿಗ್ಗೆ ಅಜ್ಜಿ ಕೊಡುವ ಹೂವನ್ನೇ ಅವರು ದೇವರಿಗೆ ಏರಿಸುವುದು. ಅವರು ಅವನ ಬೆರಳುಗಳನ್ನೇ ನೋಡುತ್ತಿದ್ದರು. ಅವನ ಮುಖ ಸುಟ್ಟ ಬದನೆಕಾಯಿಯಾಯಿತು. ಆಮ್ಲೆಟ್ಟಿನ ಮಾತು ಇನ್ನೊಂದು ಗಳಿಗೆ ಮುಂದುವರಿದರೆ ಅದು ಅಜ್ಜಿಯ ಪಡಸಾಲೆ ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು. ಮಾತು ಬೇರೆ ಕಡೆ ತಿರುಗಿಸಲು ಅವನ ಹತ್ತಿರ ಇದ್ದದ್ದು ಒಂದೇ ದಾರಿ.

"ಆಡಿದ್ರ ಸಾಕಲ್ರಿ ನಿಮಗ?" ಎಂದ. ಮಿರ್ಚಿ ಸೀಳುವ ಚಾಕು ಅಲ್ಲೇ ಇತ್ತು. ಎಡಗೈಯಲ್ಲಿ ತೆಗೆದುಕೊಂಡು ಬಟ್ಟೆಯ ಗಂಟು ಕೊಯ್ದ. ಒಣಗಿ ಅಂಟಿದ್ದ ಹಿಟ್ಟಿನ ಸಮೇತ ದಬ್ಬೆಗಳನ್ನು ಒಂದೊಂದಾಗಿ ಕಿತ್ತು ಕೆಳಗೆ ಹಾಕಿದ. ಒಳಗಿನ ಕೈ ಊದಿ ಬೆಳ್ಳಗಾಗಿತ್ತು. ನನಗೆ ಊತ ಕಂಡಿತು. ಇಷ್ಟು ದಿನ ಬಿಗಿದು ಕಟ್ಟಿದರೆ ಯಾರ ಕೈಯಾದರೂ ಊದುತ್ತದೆ ಎಂದು ಪಕ್ಕದವನಿಗೆ ಹೇಳಿದೆ.

ಭಾನುವಾರ ಹರಪನಹಳ್ಳಿಯಲ್ಲಿ ಅವನು ಆಡಿದ. ಮೊದಲ ಸೆಟ್ಟು ನಾವೇ ಗೆದ್ದೆವು. ನಾನು ಗಂಟಲು ಹರಿದುಕೊಂಡು ಕೂಗಿದೆ, ನೋಡಿದಿರಾ, ಏನೂ ಆಗಿರಲಿಲ್ಲ! ಎರಡನೆಯ ಸೆಟ್ಟಿನ ನಡುವೆ ಚೆಂಡು ಅವನ ಎರಡೂ ಕೈಗಳ ನಡುವಿನಿಂದ ಜಾರಿ ತಲೆಯ ಮೇಲೆ ಬಿತ್ತು. ಹರಪನಹಳ್ಳಿಯವರು ಸಿಳ್ಳೆ ಹೊಡೆದರು. ಆಮೇಲೆ ಅವನು ಒಂದೇ ಕೈಯಲ್ಲಿ ಎತ್ತತೊಡಗಿದ. ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಎಡಗೈಯೊಂದರಲ್ಲೇ ಅವನು ಎತ್ತಿದ ಕೆಲವು ಚೆಂಡುಗಳನ್ನು ಅವರ ಕಡೆಯವರೂ ಸುಮ್ಮನೆ ನಿಂತು ನೋಡಿದರು. ಉಳಿದ ಎರಡೂ ಸೆಟ್ಟು ಹೋದವು. ಮೂರನೇ ವರ್ಷವೂ ಸೋತೆವು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಏನಂದೆ ಗೊತ್ತೆ? "ನಾ ಹೇಳಿರಲಿಲ್ಲೇನು? ಬೀಗರ ಊರಾಗ ಗೆಲ್ತಾನೇನು ಅವ?" ಮೂರು ಸೀಟು ಮುಂದೆ ಅವನು ಕಿಟಕಿಗೆ ತಲೆಯಾನಿಸಿ ಕೂತಿದ್ದ. ಅಂಗಿಯ ಗುಂಡಿ ಬಿಚ್ಚಿ ಕೈಯನ್ನು ಒಳಗಿಟ್ಟುಕೊಂಡಿದ್ದ. ಕೇಳಿಸಿತು ಅವನಿಗೆ.

ನನ್ನ ಕಣ್ಣು ತೆರೆದದ್ದು ಮುಂದಿನ ಶ್ರಾವಣದಲ್ಲಿ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಅವ್ವ ಕೈ ಮುರಿದುಕೊಂಡಳು. ಗುಡೇಕೋಟೆ ಕಡೆಯ ಮುದುಕ ಆಗ ತೀರಿಕೊಂಡಿದ್ದ. ಬಾಗಳಿ ಕಡೆಗೇ ಹೋದೆವು. ಕಟ್ಟು ಕಟ್ಟುವಾತ ಅವ್ವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ತತ್ತಿ ನಡಿತೈತೇನವ್ವ ನಿಮಗ?" ಎಂದು ಕೇಳಿದ.

"ಶ್ರಾವಣದಾಗ ಬ್ಯಾಡಪ್ಪ," ಎಂದಳು ಅವ್ವ.

"ಬ್ಯಾಡಾದ್ರ ಬಿಡ್ರಿ, ಹಿಟ್ಟನ್ನ ಜಾಲಿ ಅಂಟಿನಾಗ ಕಲಸ್ತೀನಿ. ವಾಸನೀನೂ ಬರಂಗಿಲ್ಲ." ನಾವು ಕೊಟ್ಟೂರಿನವರೆಂದು ತಿಳಿದ ಮೇಲೆ ಅವನೇ ಮುಂದುವರಿಸಿದ. "ನಿಮ್ಮೂರಿನ ಹೂವಿನವರ ಹುಡುಗಗೂ ಹಿಂಗ ಕಟ್ಟಿದ್ದೆ. ಅಜ್ಜಿ ಬಂದಿದ್ಲು. ಎಂಟು ದಿನಕ್ಕ ಬಿಚ್ಚಿಕೊಂಡು ಬಂದ. ಯಾರು ಬಿಚ್ಚಿದ್ರಲೇ ಅಂತ ಬೈದೆ. ತಾನಾಗೇ ಬಿಚ್ಚಿಕೊಂತು ಅಂದ. ನಾ ಕಟ್ಟಿದ ಕಟ್ಟು ತಾನಾಗೇ ಬಿಚ್ಚಿಕೊಂತೈತೇನ್ರಿ? ಎಲುಬು ಸರಿದು ಕುಂತಿತ್ತು. ಅದು ಇನ್ನ ನೆಟ್ಟಗಾಗಂಗಿಲ್ಲ."

ಅವ್ವ ಅಯ್ಯೋ ಎಂದಳು. ನಾನು ಎದ್ದು ಹೊರಗೆ ಹೋದೆ. ಗೆಳೆಯ ನನ್ನ ಹೆಸರು ಹೇಳಿರಲಿಲ್ಲ. ಹೇಳಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಅವನನ್ನು ಕಂಡರೆ ಓಣಿ ಬದಲಿಸುವುದು ನನಗೆ ರೂಢಿಯಾಯಿತು. ಹಗರಿಬೊಮ್ಮನಹಳ್ಳಿಯಲ್ಲಿ ನನಗೆ ಕೆಲಸ ಸಿಕ್ಕಿತು, ವರ್ಷಗಳು ಹೋದವು. ಊರಿಗೆ ಬಂದಾಗ ಹೂವು ಬೇಕಾದರೆ ಬೇರೆಯವರನ್ನು ಕಳಿಸುತ್ತಿದ್ದೆ. ಹೊಸ ಶತಮಾನ ಬಂದು ನಾಲ್ಕೈದು ವರ್ಷವಾದ ಮೇಲೆ ಒಂದು ಸೋಮವಾರ ಯಾರೂ ಸಿಗಲಿಲ್ಲ, ಅವ್ವ ಹಟ ಮಾಡಿದಳು. ಹೋದೆ.

ಅಜ್ಜಿ ಇರಲಿಲ್ಲ. ಅವನ ಹೆಂಡತಿ ಹೂವು ಕಟ್ಟುತ್ತಿದ್ದಳು, ಅವನು ಅಳೆದು ಕೊಡುತ್ತಿದ್ದ. ನನಗಿಂತ ಮುಂದೆ ನಿಂತ ಹೆಂಗಸು, "ಏನಣ್ಣ, ನಿನ್ನ ಮೊಳ ಭಾಳ ಗಿಡ್ಡ ಐತಲ್ಲ," ಎಂದು ಸಿಡುಕಿದಳು. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ. ಅವನ ಕೈ ಮಣಿಕಟ್ಟಿನಲ್ಲಿ ಬಾಗಿತ್ತು, ಹಾಗಾಗಿ ಮೊಳ ಗಿಡ್ಡ ಬರುತ್ತಿತ್ತು. ಅವನು ಮೇಲೊಂದು ಗೇಣು ಸೇರಿಸಿ ಕೊಟ್ಟ. ಅವಳ ಅನುಮಾನ ಹೋಗಲಿಲ್ಲ, ದಾರಿಯಲ್ಲಿ ತನ್ನ ಕೈಯಲ್ಲಿ ಅಳೆದು ನೋಡುತ್ತಲೇ ಹೋದಳು. ಅವಳನ್ನು ನಿಲ್ಲಿಸಿ ಬಯ್ಯಬೇಕು ಅನ್ನಿಸಿತು. ಬಯ್ಯಲು ನನಗೆ ಯಾವ ಬಾಯಿ ಇತ್ತು?

"ಬಾರಲೇ, ಯಾವಾಗ ಬಂದಿ? ಅವ್ವ ಆರಾಮ ಅದಾಳ?" ಎಂದ ಅವನು, ನಿನ್ನೆ ಬಿಟ್ಟುಹೋದವನಂತೆ. ಎರಡು ಮೊಳ ಅಳೆದು, ಗೇಣು ಸೇರಿಸಿ, ಎಲೆಯಲ್ಲಿ ಸುತ್ತಿ ಕೊಟ್ಟ. ನಾನು ಪೊಟ್ಟಣವನ್ನು ಮೂಗಿನ ಹತ್ತಿರ ತಂದೆ.

"ಲೇ ಲೇ, ಮೂಸಬ್ಯಾಡ! ಮೂಸಿದ ಹೂವು ದೇವರಿಗೆ ನಡಿಯಂಗಿಲ್ಲ."

ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟ. ಮತ್ತೆ ಎರಡು ಮೊಳ ಅಳೆಯತೊಡಗಿದ. ಆ ಬಾಗಿದ ಕೈ ನನ್ನ ಕಣ್ಣ ಮುಂದೆಯೇ ಹೋಗುತ್ತ ಬರುತ್ತ ಇತ್ತು.

"ಅವತ್ತು ನಂದು ತಪ್ಪಾತು," ಎಂದೆ.

"ಯಾವತ್ತು?" ಎಂದು ಕೇಳಿ ಅವನು ಹೊಸ ಪೊಟ್ಟಣ ನನ್ನ ಕೈಗಿಟ್ಟು ಮುಂದಿನವರ ಕಡೆ ತಿರುಗಿದ.

ನಿಜವಾಗಿ ಮರೆತಿದ್ದನೋ, ಮರೆತವನ ಹಾಗೆ ಮಾಡಿದನೋ, ನನಗೆ ಇವತ್ತಿಗೂ ಅನುಮಾನ. ಮನೆಯವರೆಗೂ ಪೊಟ್ಟಣವನ್ನು ಮೂಗಿನಿಂದ ದೂರ ಹಿಡಿದುಕೊಂಡೇ ನಡೆದೆ.